ಅಪ್‌ಡೇಟ್: ಗಾಂಧಿ ಬಜಾರ್ ರಸ್ತೆ ಕೊನೆಗೂ ಒದ್ದೆಯಾಯಿತು

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ: ಬೆಂಗಳೂರಿನ ಗಾಂಧಿ ಬಜಾರ್‌ನ ಮಳೆ ಸಂಜೆಯನ್ನು ಎಣ್ಣೆಬಣ್ಣದಲ್ಲಿ ಇಂಪ್ರೆಷನಿಸ್ಟ್ ಶೈಲಿಯಲ್ಲಿ (ಆ ಕ್ಷಣದ ಬೆಳಕನ್ನು ಬಿಡಿಬಿಡಿ ಗೀಟುಗಳಲ್ಲಿ ಹಿಡಿಯೋ ರೀತಿ) ಬಿಡಿಸ್ತಿದ್ದೀನಿ, ರಸ್ತೆ ಬರೀ ಕೆಸರಾಗಿ ಕಾಣುತ್ತೆ, ಜನ ಅಂಟಿಸಿದ ಗೊಂಬೆಗಳ ಹಾಗಿದ್ದಾರೆ, ಏನು ಮಾಡಲಿ ಅಂತ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಚಿತ್ರ ಮುಗಿಯಿತು.

ಮೊದಲು ಕಪ್ಪು ಟ್ಯೂಬ್ ಎತ್ತಿಟ್ಟೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಬೆರೆಸಿದರೆ ಬರುವ ಗಾಢ ಬಣ್ಣವೇ ಸಾಕು. ನೀಲಿ ಹೆಚ್ಚಾದರೆ ತಂಪು, ಸಿಯೆನ್ನಾ ಹೆಚ್ಚಾದರೆ ಬೆಚ್ಚಗೆ.

ಕೆಸರಿಗೆ ನಿಜವಾದ ಕಾರಣ ಹಿಂದಿನ ಬಣ್ಣ ಮೆತ್ತಿಕೊಂಡ ಬ್ರಷ್. ಈಗ ಪ್ರತಿ ಗೀಟಿಗೂ ಬಟ್ಟೆಯಲ್ಲಿ ಒರೆಸುತ್ತೇನೆ. ಹೂವಿನಂಗಡಿಯ ಬಲ್ಬಿನ ಕೆಳಗೆ ಸೇವಂತಿಗೆ ರಾಶಿ ಇದೆಯಲ್ಲ, ಅದರ ಹಳದಿಯನ್ನು ಸ್ವಲ್ಪ ಮಂದ ಮಾಡಿ ಹಸಿ ರಸ್ತೆಯ ಮೇಲೆ ನೇರ ಕೆಳಕ್ಕೆ ಎಳೆದೆ. ಆಮೇಲೆ ಒಣ ಚಪ್ಪಟೆ ಬ್ರಷ್‌ನಿಂದ ಅಡ್ಡಲಾಗಿ ಒಂದೇ ಸಲ ಸವರಿದೆ. ಅಷ್ಟೇ, ರಸ್ತೆ ಮೇಲೆ ನೀರು ನಿಂತ ಹಾಗೇ ಕಂಡಿತು! ಆ ಕ್ಷಣದ ಖುಷಿ ಹೇಳತೀರದು.

ಜನರ ವಿಷಯ. ಇಂಪ್ರೆಷನಿಸ್ಟ್ ಚಿತ್ರಕಾರ ಪಿಸಾರೊ 1897ರಲ್ಲಿ ಪ್ಯಾರಿಸ್‌ನ ಮೋಂಮಾರ್ತ್ರ್ ಬುಲೆವಾರ್ಡನ್ನು ಹೋಟೆಲಿನ ಮೇಲಿನ ಕಿಟಕಿಯಿಂದ ನೋಡಿ ಚಿತ್ರಿಸಿದ್ದು. ಅಲ್ಲಿ ದೂರದವರ ತಲೆ ಮೇಲೆ, ಹತ್ತಿರದವರದು ಕೆಳಗೆ. ನಾನು ಅದನ್ನೇ ನಕಲು ಮಾಡಿ ಕೆಟ್ಟಿದ್ದೆ. ಫುಟ್‌ಪಾತ್‌ನಲ್ಲಿ ನಿಂತು ನೋಡುವಾಗ ಎಲ್ಲರ ತಲೆ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುತ್ತೆ, ಕಾಲು ಮಾತ್ರ ಹತ್ತಿರವಾದಷ್ಟೂ ಕೆಳಗಿಳಿಯುತ್ತೆ. ತಿದ್ದಿದ ಮೇಲೆ ಜನ ನಡೆಯತೊಡಗಿದರು.

ಈ ಥಂಡಿಗೆ ದಪ್ಪ ಬಣ್ಣ ಇನ್ನೂ ಒಣಗಿಲ್ಲ, ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯುತ್ತೇನೆ. ಅಷ್ಟರಲ್ಲಿ ಅದೇ ತಿರುವನ್ನು ಬೆಳಿಗ್ಗೆ ಏಳರ ಬಿಸಿಲಲ್ಲಿ ಶುರು ಮಾಡಿದ್ದೀನಿ.