ಯಾವ ಮೇಪಲ್ ಹಾಕೋಣ ಅಂತ ಕೇಳಿದವರಿಗೆ

ಅಂಗಳಕ್ಕೆ ಮೇಪಲ್ ಮರ ಹಾಕುವ ಆಸೆ ಒಳ್ಳೆಯದೇ. ನಾವು ಒಮ್ಮೆ ಎಡವಿದವರು, ಅದಕ್ಕೇ ಬರೆಯುತ್ತಿದ್ದೇನೆ.

ಕೆನಡಾದ ಒಂಟಾರಿಯೋಗೆ ಬಂದ ಹೊಸದರಲ್ಲಿ ಒಂದು ನರ್ಸರಿಯಿಂದ ಕ್ರಿಮ್ಸನ್ ಕಿಂಗ್ ಅನ್ನುವ ಕಡುಗೆಂಪು ಎಲೆಯ ಮೇಪಲ್ ತಂದೆವು. ಕೆನಡಾ ಬಾವುಟದಲ್ಲಿರುವ ಎಲೆಯ ಮರ ಇದೇ ಅಂದುಕೊಂಡಿದ್ದೆವು. ಮಗಳು ಶಾಲೆಯಲ್ಲಿ ಕಲಿತುಬಂದು ಒಂದು ಎಲೆಯ ತೊಟ್ಟು ಮುರಿದಳು. ಹಾಲು ಬಂತು, ನಾರ್ವೆ ಮೇಪಲ್‌ನ ಗುರುತು ಅದು. "ಅಪ್ಪಾ, ಇದು ನಾರ್ವೆ ಮೇಪಲ್, ಇಲ್ಲಿಯದ್ದಲ್ಲ" ಅಂದಳು. ನಾವೂ ಇಲ್ಲಿಯವರಲ್ಲವಲ್ಲ ಪುಟ್ಟೀ ಅಂತ ನಕ್ಕೆ. ಆದರೆ ವಿಷಯ ನಿಜ. ಅದರ ಬೀಜ ಕಾಡಿಗೆ ಹಾರಿ ಇಲ್ಲಿನ ಮರಗಳ ಜಾಗ ಹಿಡಿಯುತ್ತದೆ. ನೆರಳು ಎಷ್ಟು ದಟ್ಟ ಅಂದ್ರೆ ಅಡಿಯಲ್ಲಿ ಹುಲ್ಲೂ ಬರುವುದಿಲ್ಲ. ಸಮಾಧಾನ ಏನಪ್ಪಾ ಅಂದ್ರೆ, ಕೆನಡಾದ ಪಾಲಿಮರ್ (ಪ್ಲಾಸ್ಟಿಕ್) ನೋಟಿನ ಎಲೆಯೂ ನಾರ್ವೆ ಮೇಪಲ್ ಥರ ಇದೆ ಅಂತ 2013ರಲ್ಲಿ ಸುದ್ದಿಯಾಗಿತ್ತು!

ಈ ಮನೆಗೆ ಬಂದಮೇಲೆ ರೆಡ್ ಮೇಪಲ್ ಹಾಕಿದೆವು. ಮೈನಸ್ 40ರ ಚಳಿ ತಡೆಯುತ್ತದೆ, ಒದ್ದೆ ಮಣ್ಣೂ ಆಗುತ್ತದೆ. ಶುಗರ್ ಮೇಪಲ್ ಇನ್ನೂ ಚೆಂದ, ಆದರೆ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಅದಕ್ಕೆ ಆಗಿಬರುವುದಿಲ್ಲ. ಹಿತ್ತಿಲಲ್ಲಿ ಜಾಗ ಇದ್ದರೆ ಮಾತ್ರ ಹಾಕಿ. ಅದರ ರಸ ಕಾಯಿಸಿ ದೋಸೆಗೆ ಮನೆಯದೇ ಮೇಪಲ್ ಸಿರಪ್ (ಸಿಹಿ ಪಾಕ) ಅನ್ನುವ ಕನಸು ಬಿಡಿ. ಒಂದು ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಕಾಯಿಸಬೇಕು.

ಅಗೆಯುವ ಮೊದಲು ಒಂಟಾರಿಯೋ ಒನ್ ಕಾಲ್ ಅನ್ನುವ ಸೇವೆಗೆ ತಿಳಿಸಿ. ಗ್ಯಾಸ್ ಪೈಪು ಎಲ್ಲಿದೆ ಅಂತ ಗುರುತು ಹಾಕಿಸುತ್ತಾರೆ, ದುಡ್ಡು ಕೊಡಬೇಕಿಲ್ಲ. ಗುಂಡಿ ಆಳ ಬೇಡ, ಬೇರಿನ ಉಂಡೆಗಿಂತ ಎರಡು ಮೂರು ಪಟ್ಟು ಅಗಲ ಇರಲಿ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣಲೇಬೇಕು. ಬುಡದ ಸುತ್ತ ಮರದ ಚೂರು ಹರಡುವುದಾದರೆ ಮೂರು ಇಂಚು ದಪ್ಪ ಸಾಕು, ಅದೂ ಕಾಂಡಕ್ಕೆ ತಾಗದಂತೆ.

ಇಲ್ಲೇ ನಮ್ಮನೆಯಲ್ಲಿ ಪೇಚಾಟ ಆಗಿದ್ದು. ನನ್ನ ಅಪ್ಪ ಸಾಗರದ ಕಡೆಯ ಅಡಿಕೆ ತೋಟದವರು. ಬೇಸಿಗೆಗೆ ಬಂದಾಗ "ಬುಡ ಕಾಣ್ತಿದೆಯಲ್ಲೋ" ಅಂತ ಒಂದಡಿ ಮಣ್ಣು ಏರಿಸಿಯೇಬಿಟ್ಟರು. ಅಡಿಕೆಗಾದರೆ ಬುಡದಿಂದ ಹೊಸ ಬೇರು ಬರುತ್ತದೆ, ಮಣ್ಣು ಕೊಟ್ಟಷ್ಟೂ ಒಳ್ಳೆಯದು. ಮೇಪಲ್‌ಗೆ ಹಾಗೆ ಮಾಡಿದರೆ ತೊಗಟೆ ಕೊಳೆಯುತ್ತದೆ, ಬೇರು ಕಾಂಡವನ್ನೇ ಸುತ್ತಿ ಬಿಗಿಯುತ್ತದೆ. ಅವರು ವಿಮಾನ ಹತ್ತಿದ ಮಾರನೇ ದಿನ ನಾನೂ ಮಗಳೂ ಸೇರಿ ಮಣ್ಣೆಲ್ಲ ತೆಗೆದೆವು.

ಈಗಲೂ ವಿಡಿಯೋ ಕಾಲ್ ಮಾಡಿದರೆ "ಬುಡಕ್ಕೆ ಮಣ್ಣು ಕೊಟ್ಯಾ?" ಅಂತಾರೆ. ಮಗಳು ಫೋನನ್ನು ಮೇಲಿನ ಕೊಂಬೆಗಳ ಕಡೆ ತಿರುಗಿಸುತ್ತಾಳೆ.