ನೈಟ್ರೋಜನ್ ಪ್ಲಾಸ್ಮಾ: ಪ್ರೋಬ್‌ನ ಲೆಕ್ಕ ಮಾಡೆಲ್‌ಗೆ ಹೊಂದುತ್ತಿಲ್ಲ

ಪ್ರಶ್ನೆ:
13.56 ಮೆಗಾಹರ್ಟ್ಸ್ ಕೆಪ್ಯಾಸಿಟಿವ್ ಡಿಸ್ಚಾರ್ಜ್ (ಎರಡು ಲೋಹದ ತಟ್ಟೆಗಳ ನಡುವೆ ರೇಡಿಯೋ ಆವರ್ತನದ, ಅಂದರೆ ಆರ್‌ಎಫ್, ವೋಲ್ಟೇಜ್ ಕೊಟ್ಟು ಹುಟ್ಟಿಸಿದ ಪ್ಲಾಸ್ಮಾ), ಶುದ್ಧ ನೈಟ್ರೋಜನ್, ಒತ್ತಡ 10 ಪ್ಯಾಸ್ಕಲ್. ಲ್ಯಾಂಗ್ಮ್ಯೂರ್ ಪ್ರೋಬ್ (ಪ್ಲಾಸ್ಮಾದೊಳಗಿನ ಸಣ್ಣ ತಂತಿ; ಅದರ ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುವುದು) ಇಟ್ಟು ಅಳೆದರೆ ಎಲೆಕ್ಟ್ರಾನ್ ತಾಪಮಾನ 6 ಎಲೆಕ್ಟ್ರಾನ್ ವೋಲ್ಟ್ ಬರುತ್ತಿದೆ. ನಾನು ಬರೆದ ಗ್ಲೋಬಲ್ ಮಾಡೆಲ್ (ಇಡೀ ಚೇಂಬರ್‌ನ ಸರಾಸರಿ ಲೆಕ್ಕ ಹಾಕುವ ಮಾಡೆಲ್) 2.6 ಕೊಡುತ್ತದೆ. ಎರಡು ವಾರದಿಂದ ಕ್ರಾಸ್ ಸೆಕ್ಷನ್‌ಗಳನ್ನೇ (ಎಲೆಕ್ಟ್ರಾನ್-ಅಣು ಡಿಕ್ಕಿ ಎಷ್ಟು ಸಾಧ್ಯ ಎಂದು ಹೇಳುವ ಸಂಖ್ಯೆಗಳು) ತಿದ್ದುತ್ತಾ ಕೂತಿದ್ದೇನೆ. ಮಾಡೆಲ್‌ನಲ್ಲಿ ಪವರ್ ಏರಿಸಿ ಇಳಿಸಿಯೂ ನೋಡಿದೆ, ಆ ಸಂಖ್ಯೆ ಅಲ್ಲಾಡಲಿಲ್ಲ. ಏನು ಬಿಟ್ಟಿದ್ದೇನೆ?

ಉತ್ತರ 1:
ಪವರ್‌ಗೆ ಅದು ಅಲ್ಲಾಡುವುದೂ ಇಲ್ಲ. ಅಯಾನುಗಳು ಎಷ್ಟು ಹುಟ್ಟುತ್ತವೆ, ಗೋಡೆಗೆ ಹೋಗಿ ಎಷ್ಟು ಕಳೆದುಹೋಗುತ್ತವೆ ಎಂಬ ಲೆಕ್ಕವೇ ತಾಪಮಾನವನ್ನು ನಿರ್ಧರಿಸುವುದು. ಅದು ಒತ್ತಡ ಮತ್ತು ಚೇಂಬರ್‌ನ ಅಳತೆಯ ಮೇಲೆ ನಿಂತಿದೆ. ಪವರ್ ಏರಿದರೆ ಎಲೆಕ್ಟ್ರಾನ್‌ಗಳ ಸಾಂದ್ರತೆ ಏರುತ್ತದೆ, ಅಷ್ಟೇ.

ಮಾಡೆಲ್ ಬಿಡಿ, ಮೊದಲು ಪ್ರೋಬ್ ನೋಡಿ. ಪ್ಲಾಸ್ಮಾ ಪೊಟೆನ್ಶಿಯಲ್ (ಪ್ಲಾಸ್ಮಾದ ಸ್ವಂತ ವೋಲ್ಟೇಜ್) ಸೆಕೆಂಡಿಗೆ ಒಂದು ಕೋಟಿಗೂ ಹೆಚ್ಚು ಸಲ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ನಿಮ್ಮ ಮೀಟರ್‌ಗೆ ಸಿಗುವುದು ಅದರ ಸರಾಸರಿ. ಕರೆಂಟ್-ವೋಲ್ಟೇಜ್ ಗೆರೆ ಹಿಗ್ಗಿ ಮಟ್ಟಸವಾಗುತ್ತದೆ, ತಾಪಮಾನ ಸುಳ್ಳುಸುಳ್ಳೇ ಜಾಸ್ತಿ ಕಾಣುತ್ತದೆ. ಚೋಕ್ (ಆರ್‌ಎಫ್ ಅನ್ನು ತಡೆಯುವ ಸುರುಳಿ) ಎಲ್ಲಿ ಹಾಕಿದ್ದೀರಿ? ತುದಿಯ ಹತ್ತಿರವೇ ಇರಬೇಕು. 13.56ಕ್ಕೆ ಒಂದು, ಅದರ ಎರಡರಷ್ಟಾದ 27.12ಕ್ಕೆ ಇನ್ನೊಂದು. ಪಕ್ಕದಲ್ಲಿ ದೊಡ್ಡ ಮೈಯ ಲೋಹದ ಉಂಗುರ ಇಟ್ಟು, ಕೆಪಾಸಿಟರ್ ಮೂಲಕ ತುದಿಗೆ ಜೋಡಿಸಿ. ಸರಿಹೋಗುತ್ತಿದೆಯಾ ಎಂದು ತಿಳಿಯಲು ಫ್ಲೋಟಿಂಗ್ ಪೊಟೆನ್ಶಿಯಲ್ (ಪ್ರೋಬ್‌ನಲ್ಲಿ ಕರೆಂಟ್ ಸೊನ್ನೆಯಾಗುವ ವೋಲ್ಟೇಜ್) ನೋಡುತ್ತಿರಿ. ಆರ್‌ಎಫ್ ಕಾಟ ಕಡಿಮೆಯಾದಂತೆ ಅದು ಪಾಸಿಟಿವ್ ಕಡೆಗೆ ಸರಿಯುತ್ತದೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಇದು ಆರ್ಗಾನ್ ಅಲ್ಲ. 2ರಿಂದ 3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಎಲೆಕ್ಟ್ರಾನ್‌ಗಳು ನೈಟ್ರೋಜನ್ ಅಣುವನ್ನು ಕಂಪಿಸುವಂತೆ ಮಾಡಿ ಶಕ್ತಿ ಕಳೆದುಕೊಳ್ಳುತ್ತವೆ. ಅಲ್ಲಿ ಶಕ್ತಿ ಹಂಚಿಕೆ (ಯಾವ ಶಕ್ತಿಯ ಎಲೆಕ್ಟ್ರಾನ್‌ಗಳು ಎಷ್ಟಿವೆ ಎಂಬುದು) ದಿಢೀರ್ ಕುಸಿಯುತ್ತದೆ. ಮ್ಯಾಕ್ಸ್‌ವೆಲ್ ಹಂಚಿಕೆ (ಒಂದೇ ತಾಪಮಾನದಿಂದ ಪೂರ್ತಿ ವಿವರಿಸಬಹುದಾದ ಹಂಚಿಕೆ) ಎಂದುಕೊಂಡು ಗೆರೆ ಎಳೆದರೆ, ಎಲ್ಲಿ ಎಳೆದಿರೋ ಅಲ್ಲಿಗೊಂದು ತಾಪಮಾನ ಸಿಗುತ್ತದೆ. ಕರೆಂಟ್-ವೋಲ್ಟೇಜ್ ಗೆರೆಯ ಎರಡನೇ ಡಿರೈವೆಟಿವ್ ತೆಗೆದು ಹಂಚಿಕೆಯನ್ನೇ ಪಡೆಯಿರಿ, ಸರಾಸರಿ ಶಕ್ತಿಯನ್ನು ಮಾಡೆಲ್‌ನ ಸರಾಸರಿ ಶಕ್ತಿಯ ಜೊತೆ ಹೋಲಿಸಿ. ಮಾಡೆಲ್‌ನಲ್ಲೂ ಬೋಲ್ಟ್ಸ್‌ಮನ್ ಸಮೀಕರಣ (ಡಿಕ್ಕಿಗಳಿಂದ ಈ ಹಂಚಿಕೆ ಹೇಗಾಗುತ್ತದೆ ಎಂದು ಹೇಳುವ ಸಮೀಕರಣ) ಬಿಡಿಸಿ ಬಂದ ಹಂಚಿಕೆಯನ್ನೇ ಬಳಸಿ. ಕಂಪಿಸುವ ಅಣುಗಳು ಡಿಕ್ಕಿಯಲ್ಲಿ ಎಲೆಕ್ಟ್ರಾನ್‌ಗೆ ಶಕ್ತಿ ವಾಪಸ್ ಕೊಡುವುದನ್ನೂ ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚೋಕ್ ಚೇಂಬರ್‌ನ ಹೊರಗಿತ್ತು! ತುದಿಯಿಂದ 30 ಸೆಂಟಿಮೀಟರ್ ದೂರ. ಒಳಗೆ, ತುದಿಯ ಹಿಂದೆಯೇ ಹಾಕಿದೆ, ಉಂಗುರವನ್ನೂ ಜೋಡಿಸಿದೆ. ಫ್ಲೋಟಿಂಗ್ ಪೊಟೆನ್ಶಿಯಲ್ 9 ವೋಲ್ಟ್ ಮೇಲೇರಿತು. ಹಳೆಯ ರೀತಿಯಲ್ಲೇ ಗೆರೆ ಎಳೆದರೂ ತಾಪಮಾನ 3.1ಕ್ಕೆ ಇಳಿಯಿತು. ಎರಡನೇ ಡಿರೈವೆಟಿವ್‌ನಲ್ಲಿ ಆ ಕುಸಿತ ಕಣ್ಣಿಗೆ ಕಂಡಾಗ ಆದ ಖುಷಿ ಹೇಳತೀರದು. ಎರಡು ವಾರ ತಿದ್ದಿದ ಕ್ರಾಸ್ ಸೆಕ್ಷನ್‌ಗಳನ್ನೆಲ್ಲ ಮೊದಲಿನಂತೆ ಮಾಡಿದ್ದೇನೆ. ಇನ್ನು ಸಾಂದ್ರತೆ ಬಾಕಿ ಇದೆ. ಮಾಡೆಲ್‌ಗೆ ಜನರೇಟರ್ ತೋರಿಸುವ ಪವರ್ ಕೊಟ್ಟಿದ್ದೆ. ಮ್ಯಾಚಿಂಗ್ ಬಾಕ್ಸ್ (ಜನರೇಟರ್‌ನ ಪವರ್ ಪ್ಲಾಸ್ಮಾಕ್ಕೆ ತಲುಪುವಂತೆ ಹೊಂದಿಸುವ ಸರ್ಕ್ಯೂಟ್) ಎಷ್ಟು ನುಂಗುತ್ತದೆ ಎಂದು ನಾಳೆ ಅಳೆಯುತ್ತೇನೆ.