ನಸುಕಿನಲ್ಲಿ ಫೋಟೋಗೆ ಹೋದಾಗ ಮೊದಲು ಏನು ಮಾಡುತ್ತೀರಿ?

ಧಾರವಾಡದ ಹೊಸಬ:
ಲ್ಯಾಂಡ್‌ಸ್ಕೇಪ್ ಫೋಟೋ ಈಗೀಗ ಶುರು ಮಾಡಿದ್ದೇನೆ. ಕ್ಯಾಮೆರಾ, 16-50 ಲೆನ್ಸ್, ಟ್ರೈಪಾಡ್, ಪೋಲರೈಸರ್ (ಪ್ರತಿಫಲನ ತಗ್ಗಿಸಿ ಆಕಾಶ ಗಾಢ ಮಾಡುವ ಫಿಲ್ಟರ್) ಇವೆ. ಮನೆಯಲ್ಲಿ ಕೂತಾಗ ಎಲ್ಲಾ ಗೊತ್ತು ಅನ್ನಿಸುತ್ತೆ. ನಸುಕಿನಲ್ಲಿ ಕಪ್ಪತಗುಡ್ಡದ ಕಡೆ ಹೋಗಿ ನಿಂತರೆ ಮಾತ್ರ ಮೊದಲು ಟ್ರೈಪಾಡಾ, ಫೋಕಸ್ಸಾ, ಫಿಲ್ಟರಾ ಅಂತ ತಲೆನೇ ಓಡಲ್ಲ, ಅಷ್ಟರಲ್ಲಿ ಆ ಕೆಂಪು ಬೆಳಕು ಹೋಗೇ ಬಿಟ್ಟಿರುತ್ತೆ. ಯೂಟ್ಯೂಬಿನವರು ಹಿಮದ ಬೆಟ್ಟದ ಮುಂದೆ ನಿಂತು ಹೇಳುವುದು ನಮ್ಮ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ, ನಮ್ಮ ಗಾಳಿಗೆ ಹೊಂದಲ್ಲ. ನಿಮ್ಮದೊಂದು ರೂಢಿ ಇರುತ್ತಲ್ವಾ, ಹೇಳಿ.

ಗದಗ ಗಾಳಿ:
ಟ್ರೈಪಾಡ್ ಚೀಲದಲ್ಲೇ ಇರಲಿ. ಅದನ್ನು ಊರಿಬಿಟ್ಟರೆ ಕಾಲು ಅಲ್ಲೇ ನಿಲ್ಲುತ್ತೆ, ಮತ್ತೆ ಬೇರೆ ಜಾಗ ಹುಡುಕುವ ಮನಸ್ಸೇ ಬರಲ್ಲ. ಮೊದಲು ಬರೀ ಕ್ಯಾಮೆರಾ ಹಿಡಿದು ಓಡಾಡಿ, ಕೂತು ನೋಡಿ, ಬದುವಿನ ಮೇಲೆ ಹತ್ತಿ ನೋಡಿ. ನಮ್ಮ ಕಡೆ ಸೂರ್ಯ ಹುಟ್ಟುವ ಮೊದಲಿನ ಒಳ್ಳೆ ಬೆಳಕು 20-25 ನಿಮಿಷ ಅಷ್ಟೇ, ಅದಕ್ಕೇ ಕತ್ತಲಿರುವಾಗಲೇ ಅಲ್ಲಿರಬೇಕು. ಸೂರ್ಯ ಹುಟ್ಟುವ ಜಾಗವೂ ಸರಿಯುತ್ತೆ: ಜೂನ್ ಕೊನೆಗೆ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಬೇಸಿಗೆಯಲ್ಲಿ ನೋಡಿಟ್ಟ ಫ್ರೇಮು ಚಳಿಗಾಲದಲ್ಲಿ ಸಿಗಲ್ಲ.

ಜಾಗ ಗಟ್ಟಿಯಾದ ಮೇಲೆ ಟ್ರೈಪಾಡ್, ಆಮೇಲೆ ಫೋಕಸ್, ಕೊನೆಗೆ ಎಕ್ಸ್‌ಪೋಶರ್, ಅಂದ್ರೆ ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನೋದು. ಈ ಕ್ರಮ ತಪ್ಪಿಸಬೇಡಿ. ಎಫ್8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನೋ ಅಂಕಿ), ಐಎಸ್ಒ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ), ಎರಡು ಸೆಕೆಂಡ್ ಟೈಮರ್. ಹಿಸ್ಟೋಗ್ರಾಮ್ (ಫೋಟೋದ ಕತ್ತಲು-ಬೆಳಕು ತೋರಿಸುವ ನಕ್ಷೆ) ನೋಡಿ, ಆಕಾಶ ಬೆಳ್ಳಗಾಗಿ ಸುಟ್ಟುಹೋದರೆ ರಾ ಫೈಲಿನಲ್ಲೂ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲು) ವಾಪಸ್ ಬರಲ್ಲ, ನೆರಳನ್ನಾದರೆ ಎಷ್ಟೋ ಎತ್ತಬಹುದು. ಪೋಲರೈಸರ್ ಸೂರ್ಯ ಪಕ್ಕದಲ್ಲಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತೆ. ಸೂರ್ಯನ ಎದುರಿಗೇ ತೆಗೆಯುವಾಗ ಆಕಾಶಕ್ಕೆ ಅದರಿಂದ ಏನೂ ಆಗಲ್ಲ, ಸುಮ್ನೆ ಬೆಳಕು ತಿನ್ನುತ್ತೆ, ಬಿಚ್ಚಿಡಿ.

ಎರೆಮಣ್ಣು:
ಗಾಳಿ ಸರ್ ಹೇಳಿದ್ದು ಸರಿ, ಆದರೆ ಐಎಸ್ಒ 100 ಅನ್ನೋದು ಮುಂಗಾರಿನಲ್ಲಿ ನಡೆಯಲ್ಲ ರೀ. ಜೋಳ, ಸೂರ್ಯಕಾಂತಿ ಎಲ್ಲಾ ಓಲಾಡುತ್ತಿರುತ್ತೆ. ನಾನು ಸೀದಾ 400ಕ್ಕೆ ಏರಿಸಿ, ಶಟರ್ 1/125 ಸೆಕೆಂಡಿಗಿಂತ ನಿಧಾನ ಮಾಡಲ್ಲ. ಸ್ವಲ್ಪ ನಾಯ್ಸ್ (ಕಾಳುಕಾಳು ಚುಕ್ಕೆ) ಬಂದರೆ ಬರಲಿ, ತೆನೆ ಮಸುಕಾದ ಫೋಟೋ ಯಾರಿಗೆ ಬೇಕು?

ಹಸಿ ಎರೆಯಲ್ಲಿ ಟ್ರೈಪಾಡ್ ನಿಧಾನಕ್ಕೆ ಇಳಿಯುತ್ತಿರುತ್ತೆ, ಕಣ್ಣಿಗೆ ಕಾಣಲ್ಲ. ಕಾಲನ್ನು ಗಟ್ಟಿಯಾಗಿ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಫ್ರೇಮ್ ಸರಿಮಾಡಿ. ಎಲ್ಲರೂ ಮೇಲಿನ ದಪ್ಪ ಕಾಲನ್ನು ಮೊದಲು ಎಳೆಯಿರಿ ಅನ್ನುತ್ತಾರೆ, ಕೆಸರಿನಲ್ಲಿ ಉಲ್ಟಾ ಮಾಡಿ: ಕೆಳಗಿನ ಸಣ್ಣ ಕಾಲು ಮೊದಲು ಎಳೆದರೆ ಲಾಕು ಮಣ್ಣಿನಿಂದ ಮೇಲೆ ಉಳಿಯುತ್ತೆ. ಆ ಮಣ್ಣು ಒಣಗಿ ಲಾಕಿನೊಳಗೆ ಕೂತರೆ ತೆಗೆಯೋದು ದೊಡ್ಡ ತಲೆನೋವು.

ಧಾರವಾಡದ ಹೊಸಬ:
ಲಾಕಿನ ವಿಷಯ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ರೀ. ಗಾಳಿಗೆ ಟ್ರೈಪಾಡಿಗೆ ಚೀಲ ನೇತುಹಾಕಬೇಕಾ?

ಎರೆಮಣ್ಣು:
ಹಾಕಿ, ಆದರೆ ಚೀಲದ ತಳ ನೆಲಕ್ಕೆ ತಾಗಿರಲಿ. ತೂಗಾಡಿದರೆ ಇನ್ನೂ ಜಾಸ್ತಿ ಅಲುಗಾಡುತ್ತೆ.

ಉಣಕಲ್ ದಂಡೆ:
ಹೊಸಬರೇ, ಕಪ್ಪತಗುಡ್ಡ ದೂರ. ಕೈ ಪಳಗುವವರೆಗೆ ಧಾರವಾಡದ ಕೆಲಗೇರಿ ಕೆರೆಗೋ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೋ ಹೋಗಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಹೊಸ ಜಾಗದಲ್ಲಿ ಕಣ್ಣೆಲ್ಲ ನೋಡೋದರಲ್ಲೇ ಹೋಗುತ್ತೆ, ಬಟನ್ ಕಡೆ ಗಮನ ಇರಲ್ಲ. ಇನ್ನೊಂದು, ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಕತ್ತಲಲ್ಲಿ ಸಿಕ್ಕ ದಾರಿಯಲ್ಲಿ ಮೇಲೆ ಹತ್ತೋದು ಬೇಡ, ಅರಣ್ಯದವರನ್ನು ಕೇಳಿಕೊಂಡೇ ಹೋಗಿ.